ಬಾಲ ಎತ್ತಿದಾಗ ನಿಂತ ಹೊಗೆ

ಅಮೆರಿಕದ ಒಹಾಯೊದಲ್ಲಿ ನಮ್ಮ ಮನೆಗೆ ಹತ್ತಿರದ ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ, ನಿವೃತ್ತ ಲೇತ್ ಕೆಲಸಗಾರರೊಬ್ಬರು ಏಳು ವರ್ಷಗಳಿಂದ ತಮ್ಮ ಕೈಯಾರೆ ಕಟ್ಟುತ್ತಿದ್ದ ಆರ್‌ವಿ-6 ಎಂಬ ಎರಡು ಸೀಟಿನ ಸಣ್ಣ ವಿಮಾನದ ಕೆಲಸಕ್ಕೆ ಶನಿವಾರಗಳಂದು ನಾನೂ ಕೈಜೋಡಿಸುತ್ತಿದ್ದೆ. ಅವರು ಅದಕ್ಕೆ ಕಾರು ಕಂಪನಿ ಮಜ್ದಾದ 13ಬಿ ರೋಟರಿ ಎಂಜಿನ್ ಕೂರಿಸಿದ್ದರು. ಗಾತ್ರ 1.3 ಲೀಟರ್, ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಸುತ್ತುವ ಎರಡು ತ್ರಿಕೋನ ರೋಟರ್‌ಗಳಷ್ಟೇ. ಎತ್ತರದ ತೆಳು ಗಾಳಿಯಲ್ಲೂ ಶಕ್ತಿ ಕುಗ್ಗದಿರಲೆಂದು ಟರ್ಬೊಚಾರ್ಜರ್ ಒಂದನ್ನು, ಅಂದರೆ ಹೊರಹೋಗುವ ಹೊಗೆಯ ಬಲದಿಂದ ಟರ್ಬೈನ್ ತಿರುಗಿಸಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನವನ್ನು, ಎಂಜಿನ್ನಿನ ಹಿಂಬದಿಗೆ, ಎಂಜಿನ್ನನ್ನೂ ಕಾಕ್‌ಪಿಟ್ಟನ್ನೂ ಬೇರ್ಪಡಿಸುವ ಫೈರ್‌ವಾಲ್ ಪಕ್ಕದಲ್ಲಿ ಅಳವಡಿಸಿದ್ದರು.

ಎಂಜಿನ್ ಮೊದಲ ಸಲ ಚಾಲೂ ಆದಾಗ ನಮಗಾದ ಸಂತೋಷ ಹತ್ತು ನಿಮಿಷವೂ ಉಳಿಯಲಿಲ್ಲ. ಸೈಲೆನ್ಸರ್‌ನಿಂದ ನೀಲಿ ಹೊಗೆ ಏಳತೊಡಗಿತು. ರೋಟರಿ ಎಂಜಿನ್ ತನ್ನ ಸೀಲ್‌ಗಳು ಸುಲಭವಾಗಿ ಜಾರಲೆಂದು ಸ್ವಲ್ಪ ಎಣ್ಣೆಯನ್ನು ಸುಡುವುದು ಸಹಜ, ಅದಕ್ಕಾಗಿಯೇ ನಾವು ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸುತ್ತಿದ್ದೆವು. ಆದ್ದರಿಂದ ಮೊದಲ ಅನುಮಾನ ಆ ಮಿಶ್ರಣದ ಮೇಲೆ, ಆಮೇಲೆ ರೋಟರ್‌ನ ಆಯಿಲ್ ರಿಂಗ್‌ಗಳ ಮೇಲೆ ಹೋಯಿತು. ಟರ್ಬೊವನ್ನು ಬಿಚ್ಚಿ ರಿಪೇರಿಗೆ ಕಳಿಸಿದರೆ ದೋಷವಿಲ್ಲವೆಂದು ವಾಪಸು ಬಂತು. ಹೀಗೆ ನಾಲ್ಕು ಶನಿವಾರಗಳು ವ್ಯರ್ಥವಾದವು.

ಐದನೆಯ ಶನಿವಾರ ಎಂಜಿನ್ನಿನ ಕೆಳಗೆ ಅಂಗಾತ ಮಲಗಿ ನೋಡುತ್ತಿದ್ದಾಗ ಟರ್ಬೊದ ಎಣ್ಣೆ ಹಿಂದಿರುಗುವ ಹೋಸ್ ನನ್ನ ಕಣ್ಣಿಗೆ ಬಿತ್ತು. ಟರ್ಬೊದ ಬೇರಿಂಗ್‌ಗೆ ಎಣ್ಣೆ ಪಂಪಿನ ಒತ್ತಡದಲ್ಲಿ ಬರುತ್ತದೆ, ಆದರೆ ಹೊರಡುವಾಗ ಅದನ್ನು ತಳ್ಳುವವರು ಯಾರೂ ಇಲ್ಲ, ತನ್ನ ಭಾರದಿಂದಲೇ ಇಳಿಯಬೇಕು. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಬಲ್ಲ ಶಾಫ್ಟ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡಿರುತ್ತದೆ. ಬರುವ ಪೈಪಿಗಿಂತ ಹೋಗುವ ಪೈಪು ಎಷ್ಟೋ ದಪ್ಪವಿರಬೇಕಾದದ್ದು ಅದಕ್ಕೇ. ದಾರಿ ಕಟ್ಟಿದರೆ ಎಣ್ಣೆ ಬೇರಿಂಗ್ ಮನೆಯೊಳಗೇ ತುಂಬಿಕೊಂಡು ಶಾಫ್ಟಿನ ಸೀಲ್ ದಾಟಿ ಕೆಂಪಗೆ ಕಾದ ಟರ್ಬೈನಿನ ಕಡೆ ನುಗ್ಗುತ್ತದೆ. ಆ ಸೀಲ್‌ಗಳು ಪಿಸ್ಟನ್ ರಿಂಗಿನಂಥ ಉಂಗುರಗಳು ಮಾತ್ರ; ನಿಂತ ಎಣ್ಣೆಯನ್ನು ತಡೆಯುವುದು ಅವುಗಳ ಕೆಲಸವಲ್ಲ.

ನಮ್ಮ ಅಪ್ಪ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಯ ಉದ್ದಕ್ಕೂ ನಡೆದು, ಎಲ್ಲಿ ನೀರು ನಿಲ್ಲುತ್ತದೆಂದು ಕಾಲಿನಿಂದಲೇ ತಿಳಿಯುತ್ತಿದ್ದರು. ಆ ಹೋಸ್ ನೋಡಿದಾಗ ನನಗೆ ಅದೇ ನೆನಪಾಯಿತು. ವಿಮಾನದ ಯಜಮಾನರ ಡಿಜಿಟಲ್ ರಸಮಟ್ಟವನ್ನು ಇಟ್ಟು ನೋಡಿದೆವು. ಟರ್ಬೊದಿಂದ, ಅದರ ಮುಂಭಾಗಕ್ಕಿರುವ, ಎಂಜಿನ್ ಎಣ್ಣೆ ನಿಲ್ಲುವ ಆಯಿಲ್ ಪ್ಯಾನ್‌ವರೆಗೆ 25 ಸೆಂಟಿಮೀಟರ್ ಉದ್ದದ ಆ ಹೋಸ್‌ಗೆ ಅವರು ಎಂಟು ಡಿಗ್ರಿ ಇಳಿಜಾರು ಕೊಟ್ಟಿದ್ದರು, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕ ವಿಮಾನ ಸಮನಾಗಿ ಹಾರುವಾಗಿನದು. ಆರ್‌ವಿ-6 ಬಾಲದ ಚಕ್ರದ ವಿಮಾನ. ನೆಲದ ಮೇಲೆ ಅದು ಮೂಗೆತ್ತಿ ಕೂರುತ್ತದೆ. ನಾವು ಅಳೆದಾಗ ಹನ್ನೊಂದು ಡಿಗ್ರಿ ಬಂತು. ಎಂದರೆ ಹ್ಯಾಂಗರ್‌ನಲ್ಲಿ ನಿಂತಿರುವಾಗ ಎಣ್ಣೆ ಮೂರು ಡಿಗ್ರಿ ಏರು ಹತ್ತಬೇಕಾಗಿತ್ತು.

ಯಜಮಾನರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ ಚಕ್ರಗಳಿಗೆ ಅಡೆ ಕೊಟ್ಟು, ಬಾಲವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತಿ ನೆಲದ ಕೊಂಡಿಗೆ ಹಗ್ಗದಿಂದ ಬಿಗಿದು, ನನ್ನನ್ನು ಪ್ರೊಪೆಲ್ಲರ್‌ನಿಂದ ದೂರ ನಿಲ್ಲಿಸಿ ಎಂಜಿನ್ ಚಾಲೂ ಮಾಡಿದರು. ಆರು ನಿಮಿಷದ ಹೊತ್ತಿಗೆ ಹೊಗೆ ತೆಳುವಾಗಿ, ಮತ್ತೆ ಕಾಣಲೇ ಇಲ್ಲ.

ಎಣ್ಣೆ ಎಳೆಯುವ ಸಣ್ಣ ಪಂಪ್ ಹಾಕೋಣವೆಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ, ಆಕಾಶದಲ್ಲಿ ಕೈಕೊಡಬಲ್ಲ ಇನ್ನೊಂದು ವಸ್ತುವನ್ನು ತಾನಾಗಿ ಸೇರಿಸಲಾರೆ ಎಂದರು. ಅವರ ಮಾತೇ ಸರಿಯೆಂದು ಈಗಲೂ ನನ್ನ ಅಭಿಪ್ರಾಯ. ಎಂಜಿನ್ನಿನ ಹೊಗೆಯನ್ನು ಟರ್ಬೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಕತ್ತರಿಸಿ ಟರ್ಬೊವನ್ನು ಎತ್ತರಿಸಿದರು. ಬಾಲ ಕೆಳಗಿದ್ದಾಗ ಪ್ಯಾನಿನ ಎಣ್ಣೆ ಹಿಂದಕ್ಕೆ ಸರಿದು ಅಲ್ಲಿ ಮಟ್ಟ ಏರುತ್ತದಾದ್ದರಿಂದ, ಹೋಸ್ ಸೇರುವ ತೂತನ್ನು ಪ್ಯಾನಿನ ಪಕ್ಕದ ಗೋಡೆಯಲ್ಲಿ ಆ ಮಟ್ಟಕ್ಕಿಂತ ಮೇಲೆ ಕೊರೆದು ಬೆಸುಗೆ ಹಾಕಿದರು. ಈಗ 16 ಮಿಲಿಮೀಟರ್ ಒಳವ್ಯಾಸದ ಹೋಸ್, ಬೆಂಕಿ ತಡೆಯುವ ಕವಚ ತೊಟ್ಟು, ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತದೆ.

ಮತ್ತೆ ಎಂಜಿನ್ ಚಾಲೂ ಮಾಡಿದ ದಿನ, ಒಳಗೆ ಉಳಿದಿದ್ದ ಹಳೆಯ ಎಣ್ಣೆ ಸುಟ್ಟು ಮುಗಿಯುವವರೆಗೆ ಒಂದಿಷ್ಟು ಹೊಗೆ ಬಂದು ನಿಂತಿತು. ಯಜಮಾನರು ಕಾಕ್‌ಪಿಟ್‌ನಿಂದ ಕುತ್ತಿಗೆ ಹೊರಳಿಸಿ, ಬಾಲದ ಚಕ್ರ ನಿಜವಾಗಿಯೂ ನೆಲದ ಮೇಲಿದೆಯೇ ಎಂದು ಸನ್ನೆಯಲ್ಲೇ ನನ್ನನ್ನು ಕೇಳಿದರು.