ಕೊಯ್ಯದೆ ಬಿಟ್ಟ ಮೂಲೆ

ರಾಗಿ ಕುಯ್ಲು ಮುಗಿದ ಹೊಲದಲ್ಲಿ, ಕೂಳೆಗಳ ನಡುವೆ ಉದುರಿ ಉಳಿದ ತೆನೆಗೆ ನಮ್ಮ ಕಡೆ ಹೆಸರು ಹಕ್ಕಲು. ಮಾಲೂರು, ಶ್ರೀನಿವಾಸಪುರದ ಕಡೆ ಹಕ್ಕಲು ರಾಗಿ; ಪಾವಗಡ, ಶಿರಾದ ಕಡೆ ಹಕ್ಕಲು ಕಡಲೆಕಾಯಿ. ಕನ್ನಡ ಸತ್ಯವೇದವೂ, ಅಂದರೆ ಬೈಬಲ್ಲೂ, ಇದೇ ಪದ ಹಿಡಿಯಿತು. ಮೋವಾಬಿನಿಂದ ಬಂದ ಬಡ ವಿಧವೆ ರೂತಳು ಬೇತ್ಲೆಹೇಮಿನ ಜವೆಗೋದಿ ಹೊಲದಲ್ಲಿ ಆಯ್ದದ್ದು ಹಕ್ಕಲೇ. ಹಕ್ಕಲು, ಹಕ್ಕು ಎಂಬ ಎರಡು ಪದಗಳಿಗೂ ಮೂಲದಲ್ಲಿ ನಂಟಿಲ್ಲ, ಹಕ್ಕು ಅರಬ್ಬಿಯಿಂದ ಬಂದ ಮಾತು. ಆದರೂ ಶಾಸ್ತ್ರ ಓದುತ್ತಾ ಹೋದರೆ ಎರಡೂ ಒಂದೇ ಎನ್ನಿಸಿಬಿಡುತ್ತದೆ.

ಸುಗ್ಗಿ ಹಬ್ಬದ ಭಾನುವಾರಗಳಲ್ಲಿ ನಮ್ಮ ಕ್ರೈಸ್ತ ದೇವಾಲಯದ ಬಲಿಪೀಠದ ಮುಂದೆ ರಾಗಿ ತೆನೆ, ಕಬ್ಬು, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಹುಂಜ ಎಲ್ಲ ಬಂದು ಕೂರುತ್ತವೆ. ಅಂದು ಓದುವ ಪಾಠ ಹೆಚ್ಚಾಗಿ ಸತ್ಯವೇದದ ಧರ್ಮೋಪದೇಶಕಾಂಡದ 26ನೇ ಅಧ್ಯಾಯ, ಪ್ರಥಮಫಲದ ಪುಟ್ಟಿ. ಓದು ಹನ್ನೊಂದನೇ ವಚನಕ್ಕೆ ನಿಂತುಬಿಡುತ್ತದೆ. ಹನ್ನೆರಡನೆಯದು ಮೂರನೇ ವರ್ಷದ ದಶಮಾಂಶದ ಮಾತು: ಅದನ್ನು ದೇವರ ಸೇವೆಯ ಕುಲದವನಾದ ಲೇವಿಯನಿಗೆ, ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಕೊಟ್ಟು, ಅವರು ಊರೊಳಗೇ ಉಂಡು ತೃಪ್ತಿಯಾದ ಮೇಲೆ, 'ಮನೆಯಲ್ಲಿ ಉಳಿಸಿಕೊಳ್ಳದೆ ಕೊಟ್ಟಿದ್ದೇನೆ' ಎಂದು ದೇವರ ಮುಂದೆ ಬಾಯಿಬಿಟ್ಟು ಹೇಳಬೇಕು. ಪುಟ್ಟಿ ಒಪ್ಪಿಸಿದ ಕೈಗೇ ಈ ಲೆಕ್ಕವೂ ಅಂಟಿಕೊಂಡಿದೆ. ಅದನ್ನು ಬಿಟ್ಟು ಕಾಣಿಕೆಗಳ ಹರಾಜಿಗೆ ಹೋಗಿಬಿಡುತ್ತೇವೆ. ಕುಂಬಳಕಾಯಿ ಪೇಟೆ ಬೆಲೆಯ ಹತ್ತು ಪಟ್ಟಿಗೆ ಏರಿದಾಗ ಚಪ್ಪಾಳೆ, ಆ ಹಣ ಸುಣ್ಣಬಣ್ಣಕ್ಕೆ. ಹರಾಜು ತಪ್ಪಲ್ಲ. ಆದರೆ ಅದರಲ್ಲಿ ವಿಧವೆಯ ಪಾಲು ಎಷ್ಟು ಎಂದು ಕೂಗಿ ಹೇಳುವವರು ಯಾರೂ ಕಾಣುವುದಿಲ್ಲ.

ಯಾಜಕಕಾಂಡದ 23ನೇ ಅಧ್ಯಾಯ ಪೂರ್ತಿ ಹಬ್ಬಗಳ ಪಂಚಾಂಗ. ಪಸ್ಕ, ಅಲ್ಲಿಂದ ಐವತ್ತನೇ ದಿನದ ಸುಗ್ಗಿ ಹಬ್ಬ, ಆಮೇಲೆ ತುತೂರಿಯ ದಿನ, ದೋಷಪರಿಹಾರಕ ದಿನ, ಪರ್ಣಶಾಲೆಗಳ ಹಬ್ಬ. ಯಾವ ದಿನ ಎಷ್ಟು ಕುರಿ, ಎಷ್ಟು ಹಿಟ್ಟು ಎಂದು ಹೇಳುತ್ತಾ ಹೋಗುವ ಮಾತು 22ನೇ ವಚನದಲ್ಲಿ ಗಕ್ಕನೆ ಹೊಲಕ್ಕೆ ಇಳಿಯುತ್ತದೆ: ಕೊಯ್ಯುವಾಗ ಮೂಲೆಯನ್ನು ಪೂರ್ತಿ ಕೊಯ್ಯಬೇಡ, ಉದುರಿದ್ದನ್ನು ಆಯಬೇಡ, ಅವು ಬಡವನಿಗೂ ಪರದೇಶಿಗೂ ಸೇರಿದ್ದು. ಮರುವಚನದಿಂದ ಮತ್ತೆ ಹಬ್ಬಗಳ ಪಟ್ಟಿ. ಇದೇ ಆಜ್ಞೆ 19ನೇ ಅಧ್ಯಾಯದಲ್ಲಿ ಆಗಲೇ ಬಂದಿತ್ತು. ಆದರೂ ಹಬ್ಬದ ಮಧ್ಯೆ ತಂದು ನೆಟ್ಟಿದ್ದಾನೆ ದೇವರು, ಪೂಜೆಯ ತಟ್ಟೆಯಲ್ಲಿ ಕುಡುಗೋಲು ಇಟ್ಟ ಹಾಗೆ. ಆ ಐವತ್ತನೇ ದಿನದ ಹಬ್ಬದಲ್ಲಿ ಯೆಹೂದಿ ಸಭೆಗಳು ಇಂದಿಗೂ ಓದುವುದು ರೂತಳ ಗ್ರಂಥ. ಪವಿತ್ರಾತ್ಮನು ಯೇಸುವಿನ ಶಿಷ್ಯರ ಮೇಲೆ ಇಳಿದ ಪಂಚಾಶತ್ತಮ ದಿನವೂ ಅದೇ. ಆ ಆತ್ಮ ಇಳಿದ ಸಭೆಯಲ್ಲಿ ಕೊರತೆಪಡುವವರು ಒಬ್ಬರೂ ಇರಲಿಲ್ಲ ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ.

ಮೂಲೆ ಅಂದರೆ ಎಷ್ಟು? ಸತ್ಯವೇದ ಅಳತೆ ಹೇಳಿಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ ಯೆಹೂದಿ ಧರ್ಮಸೂತ್ರ ಮಿಷ್ನಾದಲ್ಲಿ 'ಪೇಯಾ', ಅಂದರೆ ಮೂಲೆ, ಎಂಬ ಪ್ರಕರಣವೇ ಇದೆ. ಇದಕ್ಕೆ ಮೇಲ್ಮಿತಿಯಿಲ್ಲ, ಆದರೆ ಅರವತ್ತರಲ್ಲಿ ಒಂದು ಪಾಲಿಗಿಂತ ಇಳಿಯಬಾರದು ಎನ್ನುತ್ತದೆ ಅದು. ನಮ್ಮ ಲೆಕ್ಕಕ್ಕೆ ತನ್ನಿ. ಎಕರೆ ಅಂದರೆ 43,560 ಚದರ ಅಡಿ. ಅರವತ್ತರಲ್ಲಿ ಒಂದು 726 ಚದರ ಅಡಿ, ಮುಕ್ಕಾಲು ಗುಂಟೆಗೂ ತುಸು ಕಡಿಮೆ. ಉದ್ದ 27 ಅಡಿ, ಅಗಲ 27 ಅಡಿಯ ಒಂದು ಚೌಕ. ಎಕರೆಗೆ ಹತ್ತು ಕ್ವಿಂಟಾಲ್ ರಾಗಿ ಬಂದರೆ ಆ ಮೂಲೆಯಲ್ಲಿ ನಿಂತಿರುವುದು ಹದಿನಾರು ಹದಿನೇಳು ಕೆ.ಜಿ. ಇದು ಕನಿಷ್ಠ. ಹೊಲ ದೊಡ್ಡದು, ಬೆಳೆ ಚೆನ್ನಾಗಿದೆ, ಊರಲ್ಲಿ ಬಡವರು ಹೆಚ್ಚು ಎಂದಾದರೆ ಮೂಲೆಯೂ ಬೆಳೆಯಬೇಕು.

ನಿಯಮಗಳು ರೈತನ ಕೈಯಿಂದಲೇ ಬಂದಂತಿವೆ. ಹೊಲದ ನಡುವೆ ಹಳ್ಳವೋ ದಾರಿಯೋ ಹಾದಿದ್ದರೆ ಅದು ಎರಡು ಹೊಲ, ಎರಡು ಮೂಲೆ. ಬೆಳೆ ಎರಡಾದರೆ ಕಣ ಒಂದೇ ಆದರೂ ಮೂಲೆ ಎರಡು. ಆ ಲೆಕ್ಕದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಅವರೆ ಹಾಕಿದವರು ಎರಡಕ್ಕೂ ಬಿಡಬೇಕಾದೀತು. ತಿನ್ನುವಂಥದ್ದು, ಕಾವಲಿರುವಂಥದ್ದು, ನೆಲದಿಂದ ಬೆಳೆದದ್ದು, ಒಟ್ಟಿಗೆ ಕುಯ್ಲಿಗೆ ಬರುವಂಥದ್ದು, ಕೂಡಿಡಬಹುದಾದದ್ದು, ಈ ಐದೂ ಸೇರಿದರೆ ಮೂಲೆ ಬಿಡಬೇಕು. ಕಾಳುಕಡಿ ಸೇರಿತು, ಕೂಡಿಡಲಾಗದ ತರಕಾರಿ ಸೇರಲಿಲ್ಲ. ಅಂದರೆ ಕೋಲಾರದ ಟೊಮೇಟೊಗೆ ಪೇಯಾ ಇಲ್ಲ! ಬೆಲೆ ಬಿದ್ದ ದಿನ ರಸ್ತೆ ಪಕ್ಕ ಸುರಿದ ಟೊಮೇಟೊವನ್ನು ಬಡವರು ಆಯ್ದುಕೊಂಡರೆ ಅದನ್ನು ದಾನದ ಲೆಕ್ಕಕ್ಕೆ ಬರೆಯುವ ಹಾಗೂ ಇಲ್ಲ. ಒಳ್ಳೆ ಬೆಲೆ ಇರುವಾಗಲೇ, ಕಾವಲಿರುವ ಬೆಳೆಯಲ್ಲೇ ಬಿಡಬೇಕಾದದ್ದು ಮೂಲೆ. ಇನ್ನೊಂದು ಮಾತು ಹೇಳಿಬಿಡಬೇಕು: ಯೆಹೂದಿ ಶಾಸ್ತ್ರದಲ್ಲಿ ಈ ಕಟ್ಟಳೆ ಮೂಲತಃ ಇಸ್ರಾಯೇಲ್ ನೆಲಕ್ಕೆ. ನಮ್ಮ ಕೆಮ್ಮಣ್ಣಿಗೆ ಇದು ಕಾನೂನಲ್ಲ, ಕನ್ನಡಿ.

ಯಾವ ಮೂಲೆ ಎಂಬುದಕ್ಕೂ ಉತ್ತರವಿದೆ. ಹೊಲದ ತುದಿಯಲ್ಲಿ, ಕುಯ್ಲಿನ ಕೊನೆಗೆ. ಮಿಷ್ನಾವನ್ನು ಚರ್ಚಿಸುವ ಗ್ರಂಥ ತಾಲ್ಮೂದು ಕೊಡುವ ಕಾರಣಗಳನ್ನು ನೋಡಿದರೆ ಮನುಷ್ಯನ ಕಳ್ಳಬುದ್ಧಿಯನ್ನು ಎಷ್ಟು ಚೆನ್ನಾಗಿ ಬಲ್ಲವರು ಎನ್ನಿಸುತ್ತದೆ. ಎಲ್ಲೋ ನಡುವೆ ಬಿಟ್ಟರೆ ಯಾರೂ ಇಲ್ಲದ ಹೊತ್ತು ನೋಡಿ ಯಜಮಾನ ತನ್ನ ಬಡ ನೆಂಟನನ್ನೇ ಕರೆದು 'ಇದು ನಿನಗೆ' ಅಂದಾನು. ಎರಡನೆಯದು, ಎಲ್ಲಿ ಬಿಡುತ್ತಾನೋ ಎಂದು ಬಡವರು ದಿನವಿಡೀ ಬದುವಿನ ಮೇಲೆ ಕಾದು ಕೂರಬೇಕಾದೀತು. ಮೂರನೆಯದು, ತುದಿಯಲ್ಲಿ ಇಲ್ಲದಿದ್ದರೆ ದಾರಿಹೋಕರು 'ಇವನು ಮೂಲೆಯನ್ನೂ ಬಿಡದೆ ಬಳಿದ' ಅಂದುಕೊಂಡಾರು. ಕೊನೆಯದು, ಪೂರ್ತಿ ಮುಗಿಸಬೇಡ ಎಂದು ಶಾಸ್ತ್ರವೇ ಹೇಳಿದೆ.

ಈಗ ಕಟಾವು ಯಂತ್ರದ ಕಾಲ. ಸಣ್ಣ ಹೊಲದಲ್ಲಿ ಯಂತ್ರ ಇಳಿಯಲು, ತಿರುಗಲು ಜಾಗ ಬೇಕೆಂದು ಮೂಲೆಗಳನ್ನೇ ಮೊದಲು ಕುಡುಗೋಲಿನಲ್ಲಿ ಕೊಯ್ದು ತೆಗೆಯುತ್ತಾರೆ. ಕೊನೆಗೂ ಕೊಯ್ಯಬಾರದು ಎಂದದ್ದು ಎಲ್ಲಕ್ಕಿಂತ ಮೊದಲು ಹೋಗುತ್ತದೆ.

ಮೂಲೆಯನ್ನು ಕೊಯ್ದು, ಸಿವುಡು ಕಟ್ಟಿ, ಹಂಚಬಹುದಲ್ಲ? ಕೂಡದು. ಬೆಳೆ ನೆಲದಲ್ಲಿ ನಿಂತಿರುವಾಗಲೇ ಬಿಟ್ಟುಕೊಡಬೇಕು, ಬಡವರು ತಾವೇ ಬಂದು ತೆಗೆಯಬೇಕು. ಬಂದವರಲ್ಲಿ ತೊಂಬತ್ತೊಂಬತ್ತು ಮಂದಿ ಹಂಚಿಕೊಡಿ ಎಂದು, ಒಬ್ಬ ಮಾತ್ರ ನಾವೇ ತೆಗೆದುಕೊಳ್ಳುತ್ತೇವೆ ಎಂದರೆ ಆ ಒಬ್ಬನ ಮಾತೇ ನಡೆಯುತ್ತದೆ. ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿ ಮತ್ತು ಖರ್ಜೂರದ ಮರಕ್ಕೆ ಮಾತ್ರ ವಿನಾಯಿತಿ. ಹತ್ತಿದವರು ಬಿದ್ದಾರೆಂದು ಯಜಮಾನನೇ ಇಳಿಸಿ ಹಂಚಬೇಕು. ಬಡವರೂ ಮೂಲೆಗೆ ಕುಡುಗೋಲು, ಗುದ್ದಲಿ ತರುವಂತಿಲ್ಲ, ನೂಕುನುಗ್ಗಲಲ್ಲಿ ಒಬ್ಬರಿಗೊಬ್ಬರು ಏಟು ತಗುಲಿಸಿಕೊಳ್ಳಬಾರದೆಂದು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಮೇಲುಬಟ್ಟೆ ಹಾಸಿ 'ಇದು ನಂದು' ಎಂದವನನ್ನು ಅಲ್ಲಿಂದ ಎಬ್ಬಿಸಬೇಕು. ಇದನ್ನು ಬರೆದವರು ಬಡವರನ್ನು ದೇವತೆಗಳೆಂದು ಪೂಜಿಸಲಿಲ್ಲ, ಹಸಿದವರು ಹೇಗಿರುತ್ತಾರೋ ಹಾಗೇ ಕಂಡರು.

ಹಕ್ಕಲಿನ ಲೆಕ್ಕ ಇನ್ನೂ ಸಣ್ಣದು. ಕೊಯ್ಯುವ ಕೈಯಿಂದ ಒಂದೋ ಎರಡೋ ತೆನೆ ಜಾರಿದರೆ ಅದು ಬಡವರದು. ಮೂರು ಒಟ್ಟಿಗೆ ಬಿದ್ದರೆ ಯಜಮಾನನದು. ಹೊಲದಲ್ಲಿ ಮರೆತುಬಂದ ಸಿವುಡಿಗೆ ಹಿಂತಿರುಗಬಾರದು ಎಂದು ಧರ್ಮೋಪದೇಶಕಾಂಡ 24ರಲ್ಲಿದೆ. ಮರೆತದ್ದು ಎರಡಾದರೆ ಬಡವರಿಗೆ, ಮೂರಾದರೆ ಅದು ಮರೆವಲ್ಲ ಎಂದು ಯೆಹೂದಿ ಗುರು ಹಿಲ್ಲೇಲನ ಪಂಥ. ಅವನಿಗೆ ಎದುರಾದ ಗುರು ಶಮ್ಮೈ ಪಂಥದವರು ಮೂರನ್ನೂ ಬಡವರಿಗೇ ಬಿಟ್ಟರು. ಇನ್ನು ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರು ಓದಲೇಬೇಕಾದ ಒಂದು ಸಾಲಿದೆ. ಕೊಯ್ಯುವಾಗ ಉದುರುವ ಬಿಡಿ ಹಣ್ಣು ಬಡವರದು. ಅದು ನೆಲಕ್ಕೆ ಬೀಳದಂತೆ ಬಳ್ಳಿಯ ಕೆಳಗೆ ಬುಟ್ಟಿ ಹಿಡಿಯುವವನು ಬಡವರನ್ನು ದೋಚುವವನು. ಅದು ಜಾಣತನ ಎಂದೇ ನಾವಾದರೆ ಹೇಳುತ್ತಿದ್ದೆವು. ಹೆಗಲೂ ಕಟ್ಟದ, ತುದಿಯೂ ಇಳಿಯದ ಬಡಕಲು ಗೊಂಚಲನ್ನು ಕೂಡ ಬಳ್ಳಿಯಲ್ಲೇ ಬಿಡಬೇಕು.

ಇಷ್ಟು ತಿಳಿದು ರೂತಳ ಎರಡನೇ ಅಧ್ಯಾಯ ತೆರೆದರೆ ಅವಳು ಆಯ್ದ ಹೊಲದ ಯಜಮಾನ ಬೋವಜನ ಗುಣ ಬೇರೆಯೇ ಕಾಣುತ್ತದೆ. ಹಕ್ಕಲಾಯುವವರಲ್ಲಿ ಒಬ್ಬರಿಗೆ ಮಾತ್ರ ನೆರವಾದರೂ ಉಳಿದವರನ್ನು ದೋಚಿದಂತೆ ಎಂದು ಮಿಷ್ನಾ ಮುಂದೆ ಹೇಳಲಿತ್ತು. ಬೋವಜ ಆ ತಪ್ಪಿಗೆ ಹೋಗುವುದಿಲ್ಲ. ಕಟ್ಟಿದ ಸಿವುಡಿನಿಂದ, ಅಂದರೆ ತನ್ನ ಪಾಲಿನಿಂದ, ತೆನೆ ಎಳೆದು ಬೀಳಿಸಿ ಎಂದು ಆಳುಗಳಿಗೆ ಹೇಳುತ್ತಾನೆ. ಅವಳನ್ನು ಗದರಿಸಬೇಡಿ ಎಂದೂ ಎರಡು ಬಾರಿ ಎಚ್ಚರಿಸುತ್ತಾನೆ. ಅವಳು ಬಗ್ಗಿ ಆಯ್ದುಕೊಂಡದ್ದು ಅವಳ ದುಡಿಮೆಯೇ ಆಯಿತು. ಸಂಜೆ ಬಡಿದು ಅಳೆದರೆ ಒಂದು ಏಫಾ, ಸುಮಾರು 22 ಲೀಟರಿನ ಅಳತೆ, ಹದಿಮೂರು ಕೆ.ಜಿ. ಆಸುಪಾಸು ಜವೆಗೋದಿ. ಮಧ್ಯಾಹ್ನ ತಾನು ಉಂಡು ಮಿಕ್ಕಿಸಿದ ಹುರಿಗಾಳನ್ನೂ ಕಟ್ಟಿಕೊಂಡು ಹೋಗಿ ಅತ್ತೆ ನೊವೊಮಿಗೆ ಕೊಟ್ಟಳು. ಈ ಹಕ್ಕಲಿನವಳ ಮರಿಮಗ ದಾವೀದ. ಮತ್ತಾಯನು ಬರೆದ ವಂಶಾವಳಿಯಲ್ಲಿ ಯೇಸುಸ್ವಾಮಿಗೆ ಇವಳು ಅಜ್ಜಿಯ ಸಾಲಿನಲ್ಲಿ ಕೂತಿದ್ದಾಳೆ. ಆ ಸ್ವಾಮಿಯ ಶಿಷ್ಯರೂ ಒಂದು ಸಬ್ಬತ್ ದಿನ, ಅಂದರೆ ಕೆಲಸ ಮಾಡಬಾರದ ವಿಶ್ರಾಂತಿಯ ದಿನ, ಹಸಿದು ಪರರ ಹೊಲದ ತೆನೆ ಮುರಿದು, ಕೈಯಲ್ಲಿ ಉಜ್ಜಿ ತಿಂದರು. ಕಟ್ಟುನಿಟ್ಟಿನ ಯೆಹೂದಿ ಪಂಥದವರಾದ ಫರಿಸಾಯರು ಸಬ್ಬತ್ ಮುರಿಯಿತು ಎಂದು ತಕರಾರು ತೆಗೆದರೇ ಹೊರತು ಕಳ್ಳತನ ಎನ್ನಲಿಲ್ಲ. ದಾರಿಹೋಕ ಕೈಯಲ್ಲಿ ಕಿತ್ತು ತಿನ್ನಬಹುದು, ಕುಡುಗೋಲು ಮಾತ್ರ ಹಾಕಬಾರದು ಎಂಬ ಆಜ್ಞೆ ಅವರಿಗೂ ಬಾಯಿಪಾಠವಿತ್ತು.

'ಬಡವರು ಯಾವಾಗಲೂ ನಿಮ್ಮ ಸಂಗಡ ಇರುತ್ತಾರೆ' ಎಂಬ ಸ್ವಾಮಿಯ ಮಾತನ್ನು ಜೇಬು ಮುಚ್ಚಿಕೊಳ್ಳಲು ಬಳಸುವವರಿದ್ದಾರೆ. ಅದು ಧರ್ಮೋಪದೇಶಕಾಂಡ 15:11ರ ಮೊದಲರ್ಧ. ಆದ್ದರಿಂದ ಕೈ ಬಿಚ್ಚು ಎಂಬುದು ಉಳಿದರ್ಧ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಬಡ ವಿಧವೆ ಹಾಕಿದ ಎರಡು ಕಾಸಿನ ಕಥೆಯನ್ನೂ ಹೀಗೇ ಅರ್ಧಕ್ಕೆ ಕತ್ತರಿಸುತ್ತೇವೆ. ಆ ಕಾಸಿನ ಹೆಸರು ಲೆಪ್ಟಾ; ಎರಡು ಸೇರಿದರೆ ಕ್ವಾಡ್ರಾನ್ಸ್ ಎಂಬ ಒಂದು ರೋಮನ್ ನಾಣ್ಯ. ಒಂದು ದಿನದ ಕೂಲಿಯಾದ ದೆನಾರಿಯಲ್ಲಿ ಅದು ಅರವತ್ತನಾಲ್ಕನೇ ಒಂದು ಪಾಲು. ಇಂದಿನ ಕೂಲಿ 500 ರೂಪಾಯಿ ಎಂದಿಟ್ಟುಕೊಂಡರೆ ಎಂಟು ರೂಪಾಯಿಯೂ ಆಗಲಿಲ್ಲ. ಅದೇ ಅವಳ ಬದುಕೆಲ್ಲ. ಮಾರ್ಕನ ಸುವಾರ್ತೆಯಲ್ಲಿ ಇದಕ್ಕೆ ತುಸು ಮೊದಲು ಸ್ವಾಮಿ ಹೇಳಿದ್ದು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ. ಅವಳ ಕಾಸನ್ನು ಹೊಗಳಿ, ಅವಳನ್ನು ಆ ಸ್ಥಿತಿಗೆ ತಂದವರನ್ನು ಬಿಟ್ಟರೆ ಪ್ರಸಂಗ ಅರ್ಧವೇ.

ಕೊಡುವುದರಲ್ಲಿ ಕೆಡುವುದು ಹೆಚ್ಚಾಗಿ ಲೆಕ್ಕದಲ್ಲಿ ಮತ್ತು ಮುಖದಲ್ಲಿ. ಲೆಕ್ಕಕ್ಕೆ ಮಿಷ್ನಾದ ಕಟ್ಟು: ಊರ ಧರ್ಮದ ಪೆಟ್ಟಿಗೆಗೆ ಎತ್ತುವವರು ಇಬ್ಬರಿಗೆ ಕಡಿಮೆಯಿರಬಾರದು, ಹಂಚುವವರು ಮೂವರಿರಬೇಕು. ಅಪೊಸ್ತಲ ಪೌಲನು ಯೆರೂಸಲೇಮಿನ ಬಡವರಿಗೆ ಹಣ ಎತ್ತಿದಾಗಲೂ ತಾನೊಬ್ಬನೇ ಒಯ್ಯಲಿಲ್ಲ. ತನ್ನ ಸಂಗಡಿಗ ತೀತನ ಜೊತೆಗೆ ಇನ್ನಿಬ್ಬರು ಸಹೋದರರನ್ನು ಕಳುಹಿಸಿ, ಯಾರೂ ತಪ್ಪು ಹೊರಿಸಬಾರದೆಂದು ಹೀಗೆ ಮಾಡುತ್ತಿದ್ದೇವೆ ಎಂದು ಬರೆದ. ಹಬ್ಬ ಬಂದಾಗ ಒಮ್ಮೆಲೇ ಬೇಡ, ವಾರದ ಮೊದಲನೇ ದಿನ ಸ್ವಲ್ಪ ಸ್ವಲ್ಪ ಎತ್ತಿಡಿ ಎಂಬುದೂ ಅವನದೇ ಮಾತು. ಮುಖದ ವಿಷಯಕ್ಕೆ, ಯೆರೂಸಲೇಮಿನ ದೇವಾಲಯದಲ್ಲಿ ಗುಟ್ಟಿನ ಕೋಣೆ ಎಂದೊಂದಿತ್ತು. ಪಾಪಭೀರುಗಳು ಅಲ್ಲಿ ಗುಟ್ಟಾಗಿ ಹಾಕುತ್ತಿದ್ದರು, ಬಾಳಿ ಬಡವಾದ ಮನೆಯವರು ಗುಟ್ಟಾಗಿ ಪಡೆಯುತ್ತಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದ ಸ್ವಾಮಿಯ ಮಾತು ಕೇಳಿದವರು ಅಕ್ಕಿ ಮೂಟೆಯ ಹಿಂದೆ ಫ್ಲೆಕ್ಸ್ ಕಟ್ಟಿ ಮುದುಕಿಯನ್ನು ಫೋಟೊಗೆ ನಿಲ್ಲಿಸುವುದು ನೋಡಿದರೆ ಆ ಕೋಣೆ ಬಹಳ ನೆನಪಾಗುತ್ತದೆ. ಇದರ ಜೊತೆಗೇ ಸೇರುವ ಆಜ್ಞೆ ಒತ್ತೆಯದು: ಅಡವು ತರಲು ಸಾಲಗಾರನ ಮನೆಯೊಳಗೆ ಹೋಗಬಾರದು, ಹೊರಗೆ ನಿಂತಿರಬೇಕು. ಬೀಸುವ ಕಲ್ಲನ್ನಂತೂ, ಮೇಲಿನದೊಂದನ್ನೇ ಆದರೂ, ಒತ್ತೆ ಹಿಡಿಯಬಾರದು; ಅದು ಮನೆಯವರ ಜೀವ.

ಹನ್ನೆರಡನೇ ಶತಮಾನದಲ್ಲಿ ಮೈಮೊನಿಡೀಸ್ ಎಂಬ ಯೆಹೂದಿ ಆಚಾರ್ಯ ದಾನಕ್ಕೆ ಎಂಟು ಮೆಟ್ಟಿಲು ಕಟ್ಟಿದ. ತೀರ ಕೆಳಗಿನದು ಸಿಡುಕಿಕೊಂಡು ಕೊಟ್ಟದ್ದು. ತುತ್ತತುದಿಯಲ್ಲಿ ಇರುವುದು ಅನ್ನವಲ್ಲ: ಸಾಲ ಕೊಟ್ಟೋ, ಪಾಲುದಾರಿಕೆಗೆ ಸೇರಿಸಿಕೊಂಡೋ, ಕೆಲಸ ಹುಡುಕಿಕೊಟ್ಟೋ ಅವನು ಮತ್ತೆ ಕೈಚಾಚದಂತೆ ನಿಲ್ಲಿಸುವುದು. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು, ಓದಿ, ಸಂಬಳಕ್ಕೆ ನಿಂತವರಿರುವ ತುಮಕೂರು ಸೀಮೆಗೆ ಈ ಮೆಟ್ಟಿಲು ಬಿಡಿಸಿ ಹೇಳಬೇಕಿಲ್ಲ.

ಮತ್ತೆ ಮೂಲೆಗೇ ಬರೋಣ. ಬಡವರು ಯಾವ ಹೊತ್ತಿಗೆ ಬರಬೇಕು ಎಂದೂ ಮಿಷ್ನಾ ಗೊತ್ತುಮಾಡಿದೆ: ದಿನಕ್ಕೆ ಮೂರು ಸಲ, ಬೆಳಿಗ್ಗೆ, ನಡುಹಗಲು, ಇಳಿಹೊತ್ತು. ಯಜಮಾನ ಆ ಮೂರೂ ಹೊತ್ತು ಹೊಲದ ಬಾಗಿಲು ಬಿಟ್ಟುಕೊಡಬೇಕು. ಯಾಕೆ ಮೂರು ಎಂದು ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ಬೆಳಿಗ್ಗೆ ಬಾಣಂತಿಯರಿಗಾಗಿ, ಕೂಸು ಮಲಗಿರುವಾಗ ಬಂದುಹೋಗಲಿ ಎಂದು. ನಡುಹಗಲು ಮಕ್ಕಳಿಗಾಗಿ. ಇಳಿಹೊತ್ತು, ಬೆಳಿಗ್ಗೆಯೇ ಮನೆ ಬಿಟ್ಟರೂ ಕೋಲೂರಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದುಬಿಡುವ ಮುದುಕರಿಗಾಗಿ.