ಟಿ-ಜೆಟ್ಟೇ ಫೈನಲ್: ಲಿನಿಯಾ ಪ್ರಾಜೆಕ್ಟ್, ಎಂಜಿನ್ ಬಿಚ್ಚಿದ ಮೇಲೆ

ಫಿಯಟ್ ಲಿನಿಯಾ ಕಾರಿನ ಪ್ರಾಜೆಕ್ಟ್‌ಗೆ ಎಂಜಿನ್ ಯಾವುದು ಅನ್ನೋ ಚರ್ಚೆ ಮುಗೀತು. ಫಿಯಟ್ 1.4 ಟಿ-ಜೆಟ್, ಅಂದ್ರೆ ಗಾಳಿಯನ್ನ ಒತ್ತಿ ತುಂಬೋ ಟರ್ಬೊ ಇರೋ 1.4 ಲೀಟರ್ ಪೆಟ್ರೋಲ್ ಎಂಜಿನ್. ಗುರಿ 200 ಎಚ್‌ಪಿ. ಡ್ರ್ಯಾಗ್ (ನೇರ ಟ್ರ್ಯಾಕ್‌ನ ಸ್ಪರ್ಧೆ) ಓಡಿಸೋಕೆ ಮಾತ್ರ, ರಸ್ತೆಗಲ್ಲ. ಗಾಡಿಯ ಮೂಲ ರೂಪ ಬದಲಾಯಿಸೋದನ್ನ ತಡೆಯೋ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆಯಲ್ಲ, ಅದರ ಜೊತೆ ಜಗಳ ಬೇಡ.

"ಸ್ಕೋಡಾ ಬಿಟ್ಟು ಇದ್ಯಾಕೆ?" ಅಂತ ಗೆಳೆಯರು ಕೇಳ್ತಾನೇ ಇದ್ದಾರೆ. ಕಾಗದದ ಮೇಲೆ ನೋಡಿದರೆ ಅವರದ್ದೇ ಸರಿ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230ರ 2.0 ಟಿಎಸ್‌ಐ ಎಂಜಿನ್, ಅಂದ್ರೆ ಇಎ888, ಕಂಪನಿಯಿಂದಲೇ 230 ಎಚ್‌ಪಿ, ಟಾರ್ಕ್ (ತಿರುಗಿಸೋ ಬಲ) 350 ಎನ್‌ಎಂ. ಬೀಡು ಕಬ್ಬಿಣದ ಬ್ಲಾಕ್, ಕ್ಲಚ್ ಎಣ್ಣೆಯಲ್ಲೇ ಇರೋ (ವೆಟ್ ಕ್ಲಚ್) ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ನಮ್ಮ ಗುರಿ ಅದಕ್ಕೆ ಬೆಳಗಿನ ನಾಷ್ಟಾ. ಆದರೆ ಅದರ ಬೆಲೆ ನನ್ನ ಜೇಬಿಗೆ ಆಗಲ್ಲ. ಅದೇ ಕಾರಿನ 1.8 ನೋಡಿ, 180 ಎಚ್‌ಪಿ ಇದ್ದರೂ ಟಾರ್ಕ್ 250ಕ್ಕೇ ನಿಂತಿದೆ. ಅದರ ಡ್ರೈ ಕ್ಲಚ್ (ಎಣ್ಣೆ ಇಲ್ಲದ ಕ್ಲಚ್) ಡಿಕ್ಯೂ200 ಗೇರ್‌ಬಾಕ್ಸ್ ತಾಳೋದೇ 250 ಎನ್‌ಎಂ. ಎಂಜಿನ್‌ಗೆ ದಮ್ಮಿದೆ, ಗೇರ್‌ಬಾಕ್ಸ್‌ಗಿಲ್ಲ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿಯ 1.2 ಟಿಎಸ್‌ಐಗೂ ಅದೇ ಗೇರ್‌ಬಾಕ್ಸ್ ಡಬ್ಬಿ. ಹಾಗಾಗಿ ಅವೆರಡೂ ಔಟ್. ಇನ್ನು ಟೊಯೋಟಾ ಸುಪ್ರಾದ ಹೆಸರಾಂತ 2ಜೆಝಡ್ ಎಂಜಿನ್ ಹಾಕು ಅನ್ನೋರಿಗೆ ಒಂದೇ ಮಾತು: ಗುಜರಿಯಲ್ಲಿ ಸಿಕ್ಕರೆ ಫೋನ್ ಮಾಡಿ!

ಟಿ-ಜೆಟ್ ಲಿನಿಯಾದಲ್ಲಿ ಬಂದಾಗ 114 ಎಚ್‌ಪಿ, 207 ಎನ್‌ಎಂ. ನಮ್ಮಲ್ಲೇ ಅಬಾರ್ತ್ ಪುಂಟೋದಲ್ಲಿ 145. ಯುರೋಪಿನ ಅಬಾರ್ತ್ 595 ಕಾಂಪಿಟಿಜಿಯೋನೆಯಲ್ಲಿ ಗ್ಯಾರೆಟ್ ಟರ್ಬೊ ಹಾಕಿ 180, 695 ಬಿಪೋಸ್ಟೋದಲ್ಲಿ 190. ಅಂದ್ರೆ ಈ ಎಂಜಿನ್ ಅಲ್ಲಿವರೆಗೆ ಹೋಗುತ್ತೆ ಅಂತ ಕಂಪನಿಯೇ ತೋರಿಸಿದೆ, ನಾನು ಹೊಸದೇನೂ ಕಂಡುಹಿಡೀಬೇಕಿಲ್ಲ. ಇದರಲ್ಲಿ ಪೋರ್ಟ್ ಇಂಜೆಕ್ಷನ್ (ಸಿಲಿಂಡರ್ ಹೊರಗೇ ಪೆಟ್ರೋಲ್ ಚಿಮ್ಮೋದು) ಇರೋದ್ರಿಂದ ಪೆಟ್ರೋಲ್ ಗಾಳಿ ಒಳಬರೋ ಇನ್‌ಟೇಕ್ ವಾಲ್ವನ್ನ ತೊಳೀತಾ ಹೋಗುತ್ತೆ, ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಮಸಿ ಕೂರೋ ಹಾಗೆ ಇಲ್ಲಿ ಕೂರಲ್ಲ. ಆದರೆ ಡೈರೆಕ್ಟ್ ಇಂಜೆಕ್ಷನ್ ಸಿಲಿಂಡರ್ ಒಳಗೇ ಗಾಳಿಯನ್ನ ತಂಪು ಮಾಡುತ್ತೆ, ನಾಕಿಂಗ್ (ಇಂಧನ ತಪ್ಪಾಗಿ ಸಿಡಿದು ಎಂಜಿನ್ ಟಕಟಕ ಅನ್ನೋದು) ಕಡಿಮೆ. ಆ ಅನುಕೂಲ ನನಗಿಲ್ಲ. ಟರ್ಬೊದಿಂದ ಬರೋ ಬಿಸಿ ಗಾಳಿಯನ್ನ ತಂಪು ಮಾಡೋ ಇಂಟರ್‌ಕೂಲರ್ ದೊಡ್ಡದು ಹಾಕಲೇಬೇಕು.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇಥ್ ಶಾಪ್‌ಗೆ ಬ್ಲಾಕ್ ಹೊತ್ಕೊಂಡು ಹೋಗಿದ್ದೆ. ಅಲ್ಲಿನ ಹಿರಿಯ ಮಿಸ್ತ್ರಿ ಸಿಲಿಂಡರ್ ಒಳಗಿನ ಅಗಲ (ಬೋರ್) ಅಳೆಯೋ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳತೆ ನೋಡಿದರು, ಅಡ್ಡ ತಿರುಗಿಸಿ ಮತ್ತೊಮ್ಮೆ ನೋಡಿದರು. 72 ಮಿ.ಮೀ. ಬೋರ್ ಸವೆದೇ ಇಲ್ಲ ಅನ್ನಬಹುದು. ಟಾರ್ಚ್ ಬಿಟ್ಟರೆ ಕಂಪನಿಯಲ್ಲಿ ಸಿಲಿಂಡರ್ ಒಳಗೋಡೆ ಉಜ್ಜಿದ (ಹೋನಿಂಗ್) ಅಡ್ಡಗೆರೆಗಳು ಇನ್ನೂ ಕಾಣಿಸ್ತವೆ. "ಬ್ಲಾಕ್ ಛಲೋ ಐತ್ರಿ, ಸುಮ್ನ ಬೋರಿಂಗ್ ಮಾಡಿಸಬ್ಯಾಡ್ರಿ" ಅಂದರು. ದುಡ್ಡು ಬರೋ ಕೆಲಸವನ್ನ ತಾವೇ ಬೇಡ ಅಂದರು ನೋಡಿ. ಫೌಂಡ್ರಿ ಊರಲ್ಲಿ ಇರೋ ಲಾಭ ಇದು, ಬೀಡು ಬ್ಲಾಕ್ ಅರಿತವರು ಓಣಿ ಓಣಿಗೆ ಸಿಗ್ತಾರೆ.

ಟರ್ಬೊ ಲೆಕ್ಕದಲ್ಲಿ ಒಂದು ಮಾತು ಹೇಳಲೇಬೇಕು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 0.93 ಬಾರ್ ಮಾತ್ರ. ಸಮುದ್ರ ಮಟ್ಟದಲ್ಲಿರೋ ಪಣಜಿಯಲ್ಲಿ 1 ಬಾರ್ ಬೂಸ್ಟ್‌ಗೆ (ಹೊರಗಿನ ಗಾಳಿಗಿಂತ 1 ಬಾರ್ ಜಾಸ್ತಿ ಒತ್ತಡಕ್ಕೆ) ಟರ್ಬೊ ಗಾಳಿಯನ್ನ ಹತ್ತಿರ ಹತ್ತಿರ 2 ಪಟ್ಟು ಒತ್ತಿದರೆ ಸಾಕು, ಅಷ್ಟೇ ಒತ್ತಡ ಇಲ್ಲಿ ಎಂಜಿನ್‌ಗೆ ಸಿಗಬೇಕಂದ್ರೆ 2.16 ಪಟ್ಟು ಒತ್ತಬೇಕು. ಸಣ್ಣ ಟರ್ಬೊ ಆಗ ಜಾಸ್ತಿ ಸುತ್ತುತ್ತೆ, ಗಾಳಿ ಬಿಸಿಯಾಗುತ್ತೆ. ಹಾಗಾಗಿ ಹಳೇ ಐಎಚ್‌ಐ ಟರ್ಬೊ ಬದಿಗಿಟ್ಟು, ಒಂದು ಅಳತೆ ದೊಡ್ಡದನ್ನೇ ಹುಡುಕ್ತಿದ್ದೇನೆ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸ್ವಲ್ಪ ತಡ ಆಗುತ್ತೆ, ಆಗಲಿ, ಡ್ರ್ಯಾಗ್‌ಗೆ ಅದೇನು ಅಡ್ಡಿಯಿಲ್ಲ.

ಮುಂದೆ ಫೋರ್ಜ್ಡ್ (ಒತ್ತಿ ಗಟ್ಟಿ ಮಾಡಿದ) ಪಿಸ್ಟನ್, ಕನೆಕ್ಟಿಂಗ್ ರಾಡ್. ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತೋ ಅನುಪಾತ) 9.8 ಹಾಗೇ ಇರುತ್ತೆ. ಈಗಿನ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್‌ಗೆ ಇಂಜೆಕ್ಟರ್ ದೊಡ್ಡದು ಬೇಕು, ಎಥನಾಲ್ ಇದ್ದಷ್ಟೂ ಜಾಸ್ತಿ ಸುರೀಬೇಕಲ್ವಾ. ಆಮೇಲೆ ಡೈನೋಗೆ (ಎಂಜಿನ್ ಶಕ್ತಿ ಅಳೆಯೋ ಯಂತ್ರಕ್ಕೆ) ಪುಣೆ. ಕ್ಲಚ್ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಲಿನಿಯಾಗೆ 250 ಎನ್‌ಎಂ ಮೇಲೆ ತಾಳೋ ಕ್ಲಚ್ ಯಾರಾದ್ರೂ ಹಾಕಿಸಿದ್ರೆ, ಪೆಡಲ್ ಎಷ್ಟು ಗಟ್ಟಿ ಆಯ್ತು ಅಂತ ಹೇಳಿ.