ಚಳಿಗಾಲಕ್ಕೆ ನಮ್ಮ ಮನೆಯ ಈಜುಕೊಳ

ನವೆಂಬರ್ 17, 2024, ಭಾನುವಾರ
ದಾವಣಗೆರೆ

ಬೆಳಿಗ್ಗೆ ಆರೂವರೆಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದೆ. ನೀರು 21 ಡಿಗ್ರಿ. ಮಗಳು ಕಾಲು ಅದ್ದಿದವಳೇ ಎತ್ತಿಕೊಂಡಳು. "ಅಪ್ಪಾಜಿ, ಇನ್ನು ಶಿವರಾತ್ರಿ ಕಳೆದ ಮೇಲೇನೇ" ಅಂದಳು. ಅಲ್ಲಿಗೆ ಈ ವರ್ಷದ ಈಜು ಮುಗಿಯಿತು. ನನ್ನ ಕೆಲಸ ಶುರುವಾಯಿತು.

ಅವ್ವ ಪ್ರತಿ ವರ್ಷ ಕೇಳುವ ಮಾತನ್ನೇ ಕೇಳಿದಳು. "ಯಾರೂ ಇಳಿಯಲ್ಲ ಅಂದಮೇಲೆ ನೀರು ಯಾಕಪ್ಪಾ? ಖಾಲಿ ಮಾಡಿ ಬಿಡು."

ನಮ್ಮ ಕೊಳ ದೊಡ್ಡದೇನಲ್ಲ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಆದರೂ 22 ಸಾವಿರ ಲೀಟರ್ ದಾಟುತ್ತದೆ. 2023ರ ಬರದಲ್ಲಿ ನಮ್ಮ ಬೋರ್ ಕೈ ಕೊಟ್ಟಿದ್ದು ಇನ್ನೂ ಕಣ್ಣ ಮುಂದಿದೆ. ಅಷ್ಟು ನೀರನ್ನು ಚರಂಡಿಗೆ ಬಿಟ್ಟು, ಮಾರ್ಚ್‌ನಲ್ಲಿ ಮತ್ತೆ ತುಂಬಿಸೋಕೆ ನನಗೆ ಮನಸ್ಸು ಬರುವುದಿಲ್ಲ.

ಮಣ್ಣಿನ ಮಾತೂ ಇದೆ. ನಮ್ಮ ಜಾಗ ಎರೆ ಮಣ್ಣಿನದು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಹಿಂಗಾರು ಮಳೆ ಕುಡಿದ ಈ ಹೊತ್ತಿನಲ್ಲಿ ಅದು ಕೊಳದ ಗೋಡೆಯನ್ನು ಹೊರಗಿನಿಂದ ಒತ್ತುತ್ತಿರುತ್ತದೆ. ಒಳಗಿನ ನೀರು ಅದಕ್ಕೆ ಎದುರು ಒತ್ತು ಕೊಡುತ್ತದೆ. ಖಾಲಿ ಮಾಡಿದರೆ ಗೋಡೆಗೆ ಆ ಆಸರೆ ಇಲ್ಲ. ಅದರ ಮೇಲೆ ಬಿಸಿಲು ಬಿದ್ದು ಟೈಲ್ಸ್ ಏಳುವುದು ಬೇರೆ. ಇದನ್ನೆಲ್ಲ ಅವ್ವನಿಗೆ ಕೂರಿಸಿಕೊಂಡು ಹೇಳಿದೆ. "ಹಂಗಾದ್ರೆ ಇರಲಿ ಬಿಡು" ಅಂದಳು.

ಮಧ್ಯಾಹ್ನ ಕೆನಡಾದಿಂದ ತಮ್ಮ ಫೋನ್ ಮಾಡಿದ್ದ. ಅವರ ಮನೆಯ ಕೊಳ ಅಕ್ಟೋಬರ್‌ನಲ್ಲೇ ಮುಚ್ಚಿ ಆಗಿದೆ. ಅಲ್ಲಿನ ಭಯವೇ ಬೇರೆ. ನೀರು ಹೆಪ್ಪುಗಟ್ಟಿದರೆ ನೂರಕ್ಕೆ 9ರಷ್ಟು ಹಿಗ್ಗುತ್ತದೆ, ಪೈಪು ಪಂಪು ಸೀಳಿಹೋಗುತ್ತವೆ. ಅದಕ್ಕೆ ನೀರನ್ನು ಪೈಪಿನ ಬಾಯಿಗಿಂತ ಕೆಳಕ್ಕೆ ಇಳಿಸುತ್ತಾರೆ. ಪೈಪಿನೊಳಗೆ ಗಾಳಿ ಊದಿ ನೀರೆಲ್ಲ ಹೊರಹಾಕಿ ಬಿರಡೆ ಹಾಕುತ್ತಾರೆ. ಮೇಲೆ ದಪ್ಪ ಹೊದಿಕೆ ಬಿಗಿಯುತ್ತಾರೆ. ಅವರೂ ಪೂರ್ತಿ ಖಾಲಿ ಮಾಡುವುದಿಲ್ಲ ನೋಡಿ. "ಅಣ್ಣಾ, ನಿಂದೇ ಆರಾಮು" ಅಂದ. ಆದರೆ ಅವನು ಮುಚ್ಚಿದರೆ ಏಪ್ರಿಲ್‌ವರೆಗೆ ತಿರುಗಿ ನೋಡಬೇಕಿಲ್ಲ. ನಮ್ಮಲ್ಲಿ ರಾತ್ರಿ ಚಳಿ, ಮಧ್ಯಾಹ್ನ ಚುರುಕು ಬಿಸಿಲು. ಪಾಚಿ, ಸೊಳ್ಳೆ ಎರಡೂ ಬೆಳೆಯೋಕೆ ಅಷ್ಟೇ ಸಾಕು.

ಹೋದ ವರ್ಷ, ಹೇಗೂ ಯಾರೂ ಇಳಿಯಲ್ಲ ಅಲ್ವಾ ಅಂತ ಒಂದು ತಿಂಗಳು ಪಂಪ್ ಹಾಕಲೇ ಇಲ್ಲ. ನೀರು ಹಸಿರಾಯಿತು. ಬಗ್ಗಿ ನೋಡಿದರೆ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನಿಂತ ನೀರಲ್ಲಿ ಮೊಟ್ಟೆಯೊಡೆದು, ಎಂಟು ಹತ್ತು ದಿನದಲ್ಲಿ ಹಾರಿಬಿಡುತ್ತದೆ. ಪಕ್ಕದ ಮನೆಯಲ್ಲಿ ಎರಡು ವರ್ಷದ ಕೂಸು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅದಕ್ಕೇ ಇವತ್ತು ಪಟ್ಟು ಹಿಡಿದು ಕೂತೆ. ಹೊಂಗೆ ಎಲೆಗಳನ್ನು ಜಾಲರಿಯಲ್ಲಿ ಎತ್ತಿದೆ. ಎಲೆ ಕೊಳೆತರೆ ಕ್ಲೋರಿನ್ ಎಲ್ಲ ಅದಕ್ಕೇ ಖರ್ಚಾಗುತ್ತದೆ. ಗೋಡೆ, ಮೆಟ್ಟಿಲ ಸಂದಿ ಬ್ರಷ್‌ನಿಂದ ಉಜ್ಜಿದೆ. ಭುಜ ಇನ್ನೂ ನೋಯುತ್ತಿದೆ. ಮರಳು ಫಿಲ್ಟರ್‌ನ ಒತ್ತಡದ ಮುಳ್ಳು 18 ತೋರಿಸುತ್ತಿತ್ತು. ಶುದ್ಧ ಇದ್ದಾಗ 10. ಪಂಪ್ ನಿಲ್ಲಿಸಿ, ಫಿಲ್ಟರ್‌ನ ಹಿಡಿಕೆ ತಿರುಗಿಸಿ, ಮತ್ತೆ ಪಂಪ್ ಹಾಕಿ, ಗಾಜಿನಲ್ಲಿ ತಿಳಿನೀರು ಕಾಣುವವರೆಗೆ ಬ್ಯಾಕ್‌ವಾಶ್ ಕೊಟ್ಟೆ, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳು ತೊಳೆದೆ. ಪಂಪ್ ಓಡುವಾಗ ಹಿಡಿಕೆ ಮುಟ್ಟಲೇಬಾರದು, ಒಳಗಿನ ಗ್ಯಾಸ್ಕೆಟ್ ಹಾಳಾಗುತ್ತದೆ.

ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8ರ ಹತ್ತಿರ ಇತ್ತು. ಪಿಎಚ್ ಏರಿದರೆ ಕ್ಲೋರಿನ್ ಅರ್ಧಂಬರ್ಧ ಕೆಲಸ ಮಾಡುತ್ತದೆ. ಬಕೆಟ್ ನೀರಿಗೆ ಆಸಿಡ್ ಹಾಕಿ, ಸ್ವಲ್ಪ ಸ್ವಲ್ಪವೇ ಸುರಿದು, ನಡುವೆ ಪಂಪ್ ಓಡಿಸಿ 7.4ಕ್ಕೆ ತಂದೆ. ಆಸಿಡ್‌ಗೆ ನೀರು ಸುರಿಯಬಾರದು, ನೀರಿಗೇ ಆಸಿಡ್ ಹಾಕಬೇಕು. ಆಸಿಡ್ ಬಕೆಟ್ ಬೇರೆ, ಕ್ಲೋರಿನ್ ಬಕೆಟ್ ಬೇರೆ. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಈ ಒಂದು ಮಾತನ್ನು ಮನೆಯವರಿಗೆಲ್ಲ ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ.

ಕ್ಲೋರಿನ್ ಬಿಸಿಲಿಗೆ ಹಾರಿಹೋಗುತ್ತದೆ, ಹಾಗಾಗಿ ಹೊತ್ತು ಮುಳುಗಲಿ ಅಂತ ಕಾದೆ. ಅಷ್ಟರಲ್ಲಿ ಅವ್ವ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ನಮ್ಮ ಬೋರ್ ನೀರು ಗಡಸು, ಟೈಲ್ಸ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಕ್ಯಾಲ್ಸಿಯಂ ಇರುವ ಕ್ಲೋರಿನ್ ಪುಡಿ ಹಾಕಿದರೆ ಆ ಪೊರೆ ಇನ್ನೂ ಜಾಸ್ತಿ. ಅದಕ್ಕೆ ನಾನು ದ್ರವರೂಪದ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತರುತ್ತೇನೆ. 10 ಪರ್ಸೆಂಟ್‌ನದು ಎರಡು ಲೀಟರ್ ಸುತ್ತಲೂ ಸುರಿದು ರಾತ್ರಿಯಿಡೀ ಪಂಪ್ ಬಿಟ್ಟಿದ್ದೇನೆ. ನಾಳೆಯಿಂದ ದಿನಕ್ಕೆ 4 ಗಂಟೆ, ಬೇಸಿಗೆಯ ಅರ್ಧ. ವಾರಕ್ಕೊಮ್ಮೆ ಪರೀಕ್ಷೆ ಮಾತ್ರ ತಪ್ಪಿಸುವುದಿಲ್ಲ.

ಗೇಟಿಗೆ ಬೀಗ ಹಾಕಿದೆ. ನಾಳೆ ಕ್ಲೋರಿನ್ 3 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ ಮೂರು) ಇಳಿದಿದ್ದರೆ ಮೇಲೆ ಶೇಡ್ ನೆಟ್ ಕಟ್ಟಬೇಕು. ಎಲೆ ತಡೆಯೋಕೆ ಅಷ್ಟೇ ಅದು, ಮಗು ಕಾಲಿಟ್ಟರೆ ತಡೆಯುವುದಿಲ್ಲ. ಹಾಗಾಗಿ ಬೀಗ ಚಳಿಗಾಲವಿಡೀ ಇರಲೇಬೇಕು. ಕೀಲಿ ಅವ್ವನ ಹತ್ತಿರ ಕೊಟ್ಟಿದ್ದೇನೆ. ನೆಟ್‌ನ ಕೊಕ್ಕೆ ಎರಡು ತುಕ್ಕು ಹಿಡಿದಿವೆ, ಬೆಳಿಗ್ಗೆ ಹೊಸದು ತರಬೇಕು.